ಮೊದಲು ನಿಲ್ಲಿಸಿ, ಆಮೇಲೆ ಹಾರಿಸಿ

ಈ ಸಲದ ರಾಜ್ಯೋತ್ಸವಕ್ಕೆ ಬರುವ ಮುಖ್ಯ ಅತಿಥಿಗಳ ಮೇಲೆ ಹೆಲಿಕಾಪ್ಟರಿನಿಂದ ಹೂವಿನ ಎಸಳು ಸುರಿಸಬೇಕೆಂದು ನಮ್ಮ ಕೂಟದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಬಂದಿದೆ. ನಿಜವಾದ ಹೆಲಿಕಾಪ್ಟರ್ ಅಲ್ಲ ಬಿಡಿ. ಹೋದ ವರ್ಷದ ಶಾಮಿಯಾನದವನ ಬಾಕಿಯನ್ನೇ ನಾವಿನ್ನೂ ತೀರಿಸಿಲ್ಲ. ರೇಡಿಯೋದಿಂದ ನಡೆಸುವ ಮಾದರಿ ಹೆಲಿಕಾಪ್ಟರ್, ಸುಮಾರು ಒಂದೂವರೆ ಮೊಳ ಉದ್ದದ್ದು. ಸೂಚಿಸಿದವರೂ ಅನುಮೋದಿಸಿದವರೂ ನನಗೆ ಬೇಕಾದವರೇ. "ಹೇಗೂ ನಿಂಗೆ ಆ ಹುಚ್ಚುಂಟಲ್ಲ ಮಾರಾಯ, ನೀನೇ ಹಾರಿಸು" ಎಂದು ಕೆಲಸವನ್ನೂ ನನಗೇ ವಹಿಸಿದ್ದಾರೆ. ನಾನು ಹಾರಿಸುವುದಿಲ್ಲ. ಯಾಕೆ ಹಾರಿಸುವುದಿಲ್ಲ, ಆ ದುಡ್ಡಿನಲ್ಲಿ ಬೇರೆ ಏನು ಮಾಡಬಹುದು ಎಂದು ವಿವರಿಸುವ ಮೊದಲೇ ಚಹಾ ಬಂತು, ಸಭೆ ಮುಗಿಯಿತು. ಸಂಪಾದಕರು ಮಾತ್ರ "ಕವಿತೆ ಅಲ್ಲದಿದ್ದರೆ ಎಷ್ಟು ಪುಟ ಬೇಕಾದರೂ ಬರೆ" ಎಂದು ಅಭಯ ಕೊಟ್ಟಿದ್ದಾರೆ. ಈ ಹವ್ಯಾಸವನ್ನು ಹೇಗೆ ಶುರುಮಾಡಬೇಕೆಂದು ಕೇಳುತ್ತ ಬರುವ ಮೊದಲ ವರ್ಷದ ಹುಡುಗ ಹುಡುಗಿಯರಿಗೂ ಇದರಲ್ಲೇ ಉತ್ತರ ಉಂಟು.

ಸಮಿತಿಯವರು ವಿಡಿಯೋದಲ್ಲಿ ನೋಡಿ ಮರುಳಾದ ಯಂತ್ರ ಈಚಿನ ವರ್ಷಗಳಲ್ಲಿ ಬಂದ ಜಾತಿ. ಅದರ ಹೊಟ್ಟೆಯೊಳಗೆ ಜಿಪಿಎಸ್ ಇರುತ್ತದೆ. ಕಡ್ಡಿಗಳಿಂದ ಕೈ ತೆಗೆದರೂ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಒಂದು ಸ್ವಿಚ್ ಒತ್ತಿದರೆ ಹೊರಟ ಜಾಗಕ್ಕೆ ತಾನೇ ಬಂದು ಇಳಿಯುತ್ತದೆ. ಇಷ್ಟು ಸುಲಭವಾದ ಮೇಲೆ ಕಲಿಯುವುದೇನು ಬಂತು ಎಂಬುದು ಅವರ ವಾದ.

ಮೊದಲು ತಲೆಗಳ ವಿಷಯ ಹೇಳಿಬಿಡುತ್ತೇನೆ. ಈ ಗಾತ್ರದ ಹೆಲಿಕಾಪ್ಟರಿಗೆ ಹವ್ಯಾಸಿಗಳು ‘450’ ಎನ್ನುತ್ತಾರೆ. ತೈವಾನಿನ ಅಲೈನ್ ಕಂಪನಿಯ ಟಿ-ರೆಕ್ಸ್ 450 ಎಂಬ ಯಂತ್ರದಿಂದ ರೂಢಿಗೆ ಬಂದ ಹೆಸರು. ಮುಖ್ಯ ಬ್ಲೇಡು ಒಂದೊಂದೂ 325 ಮಿಲಿಮೀಟರ್. ಎರಡೂ ಬ್ಲೇಡು, ನಡುವಿನ ಹಿಡಿಕೆ ಎಲ್ಲ ಸೇರಿ ಸುತ್ತುವ ಚಕ್ರದ ಅಡ್ಡಳತೆ 70 ಸೆಂಟಿಮೀಟರಿಗೆ ತುಸು ಹೆಚ್ಚು. ಅಂದರೆ ಬ್ಲೇಡಿನ ತುದಿ ಒಂದು ಸುತ್ತಿಗೆ ಎರಡೂಕಾಲು ಮೀಟರ್ ಹತ್ತಿರ ಓಡುತ್ತದೆ. ನಿಮಿಷಕ್ಕೆ 2500 ಸುತ್ತು ಎಂದು ಹಿಡಿಯಿರಿ, ಇದು ಜೋರಾದ ಲೆಕ್ಕವೇನಲ್ಲ. ಗುಣಿಸಿ ನೋಡಿದರೆ ತುದಿಯ ವೇಗ ಗಂಟೆಗೆ 330 ಕಿಲೋಮೀಟರಿಗಿಂತ ಹೆಚ್ಚು! ಬ್ಲೇಡು ಕಾರ್ಬನ್ ನಾರಿನದ್ದು. ಸೀಲಿಂಗ್ ಫ್ಯಾನಿಗೆ ಕೈ ತಾಗಿಸಿಕೊಂಡವರಿಗೆ ನೋವು ಗೊತ್ತು. ಇದು ಆ ಲೆಕ್ಕದ್ದಲ್ಲ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪಾರ್ಕಿನಲ್ಲಿ 19 ವರ್ಷದ ಹುಡುಗನೊಬ್ಬ ತನ್ನದೇ ಮಾದರಿ ಹೆಲಿಕಾಪ್ಟರಿನ ಬ್ಲೇಡು ತಲೆಗೆ ತಾಗಿ ಅಲ್ಲಿಯೇ ತೀರಿಕೊಂಡ. ಹೊಸಬನಲ್ಲ, ಚೆನ್ನಾಗಿ ಪಳಗಿದವನು. ಅವನ ಯಂತ್ರ ಇದಕ್ಕಿಂತ ದೊಡ್ಡದು ನಿಜ. ಆದರೆ ಚಿಕ್ಕದಕ್ಕೂ ಚರ್ಮ ಮೂಳೆಗಳ ಭೇದ ತಿಳಿಯುವುದಿಲ್ಲ. ಮುಖ್ಯ ಅತಿಥಿಗಳು ಯಾರೇ ಆಗಲಿ, ಅವರ ತಲೆಯ ಮೇಲೆ ನಾನು ಇದನ್ನು ನಿಲ್ಲಿಸಲಾರೆ.

ಜಿಪಿಎಸ್ ಉಂಟಲ್ಲ ಎನ್ನುತ್ತೀರಿ. ಜಿಪಿಎಸ್‌ಗೆ ಆಕಾಶ ಕಾಣಬೇಕು. ನಮ್ಮ ಕಾಲೇಜಿನ ಅಂಗಳಕ್ಕೆ ನಾಲ್ಕೂ ಕಡೆ ಕಟ್ಟಡ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬಂದಾಗ ಯಂತ್ರಕ್ಕೆ ತಾನೆಲ್ಲಿದ್ದೇನೆಂಬ ಭ್ರಮೆ ಹತ್ತುತ್ತದೆ. ಹತ್ತಿರದಲ್ಲಿ ಉಕ್ಕಿನ ಕಂಬ, ವೇದಿಕೆಯ ಕಬ್ಬಿಣದ ಚೌಕಟ್ಟು ಇದ್ದರೆ ದಿಕ್ಸೂಚಿಯೂ ದಿಕ್ಕು ತಪ್ಪುತ್ತದೆ. ಆಗ ಯಂತ್ರ ಕೈಬಿಡುತ್ತದೆ, ಮನುಷ್ಯ ಹಿಡಿಯಬೇಕು. ಒಂದು ದಿನವೂ ಕೈಯಲ್ಲಿ ಹಿಡಿದು ನಿಲ್ಲಿಸಿ ಗೊತ್ತಿಲ್ಲದವನು ಆ ಅರ್ಧ ಸೆಕೆಂಡಿನಲ್ಲಿ ಏನು ಮಾಡಿಯಾನು? ನಾನು ಸ್ವಯಂಚಾಲಿತಗಳ ವಿರೋಧಿ ಅಲ್ಲ. ಕಲಿತವನ ಕೈಗೆ ಅದು ಒಳ್ಳೆಯ ಊರುಗೋಲು. ಕಲಿಯುವವನಿಗೆ ಮಾತ್ರ ಮೊದಲ ದಿನವೇ ಅದನ್ನು ಕೊಡಬಾರದು ಎಂಬುದು ನನ್ನ ವಾದ. ಈ ವಿದ್ಯೆಯಲ್ಲಿ ಕಲಿಯಬೇಕಾದದ್ದು ಯಾವುದೋ, ಅದನ್ನೇ ಆ ಪೆಟ್ಟಿಗೆ ಕಿತ್ತುಕೊಂಡುಬಿಡುತ್ತದೆ.

ಏನದು ಕಲಿಯಬೇಕಾದದ್ದು? ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸುವುದು. ಇಂಗ್ಲಿಷಿನವರು ಹೋವರ್ ಎಂದು ಕರೆಯುವ ಕ್ರಿಯೆ. ಮಾದರಿ ವಿಮಾನಕ್ಕೆ ಮುಂದೆ ಹೋಗುವುದೇ ಸಹಜ ಸ್ಥಿತಿ. ಒಳ್ಳೆಯ ತರಬೇತಿ ವಿಮಾನವನ್ನು ಕೈಬಿಟ್ಟರೂ ಸ್ವಲ್ಪ ಹೊತ್ತು ನೆಟ್ಟಗೆ ಹೋಗುತ್ತಿರುತ್ತದೆ. ಹೆಲಿಕಾಪ್ಟರ್ ಹಾಗಲ್ಲ. ಬೋರಲು ಹಾಕಿದ ಬೋಗುಣಿಯ ತುದಿಯಲ್ಲಿ ಗೋಲಿ ಇಟ್ಟಂತೆ: ಒಂದು ಕಡೆ ಕೂದಲಷ್ಟು ಜಾರಿದರೆ ಇನ್ನೂ ಜಾರುತ್ತದೆ, ತಾನಾಗಿ ವಾಪಸು ಬರುವುದಿಲ್ಲ. ಅದನ್ನು ಹಿಡಿಯಲು ನಿಮ್ಮ ಎರಡು ಹೆಬ್ಬೆರಳಿಗೆ ನಾಲ್ಕು ಕೆಲಸ: ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ, ಮತ್ತು ಮೂತಿ ತಿರುಗಿಸುವುದು. ಒಂದನ್ನು ಮುಟ್ಟಿದರೆ ಉಳಿದ ಮೂರೂ ಅಲುಗುತ್ತವೆ. ಮುಖ್ಯ ಚಕ್ರ ಒಂದು ಕಡೆಗೆ ಸುತ್ತಿದರೆ ಮೈ ಇನ್ನೊಂದು ಕಡೆಗೆ ಸುತ್ತಲು ನೋಡುತ್ತದೆ. ಅದನ್ನು ತಡೆಯಲಿಕ್ಕೇ ಬಾಲದ ಪುಟ್ಟ ಫ್ಯಾನು. ಆ ಫ್ಯಾನು ಬಾಲವನ್ನು ಹಿಡಿದಿಡುವಾಗ ಇಡೀ ಯಂತ್ರವನ್ನು ಪಕ್ಕಕ್ಕೂ ತಳ್ಳುತ್ತದೆ. ಆದ್ದರಿಂದ ಸರಿಯಾಗಿ ನಿಂತ ಹೆಲಿಕಾಪ್ಟರ್ ತುಸು ವಾಲಿಯೇ ನಿಂತಿರುತ್ತದೆ. ಹೊಸಬರು ಇದನ್ನು ಕಂಡು "ಅಣ್ಣಾ, ಇದು ಸೊಟ್ಟ ಉಂಟು" ಎನ್ನುತ್ತಾರೆ. ಸೊಟ್ಟ ಇರಲೇಬೇಕು.

ಇನ್ನೊಂದು ಸೂಕ್ಷ್ಮವಿದೆ. ಮೊದಲ ವಾರ ಎಲ್ಲರೂ ಎಡವುವುದು ಇಲ್ಲಿಯೇ. ಕಡ್ಡಿಯನ್ನು ಬಲಕ್ಕೆ ತಳ್ಳಿ ಬಿಟ್ಟರೆ ಯಂತ್ರ ಬಲಕ್ಕೆ ವಾಲುತ್ತದೆ, ಬಿಟ್ಟ ಮೇಲೂ ವಾಲಿಯೇ ಇರುತ್ತದೆ, ಜಾರುತ್ತಲೇ ಇರುತ್ತದೆ. ಅದನ್ನು ನೆಟ್ಟಗೆ ಮಾಡಲು ಎಡಕ್ಕೆ ಒಂದಿಷ್ಟು ಕೊಡಬೇಕು, ಕೊಟ್ಟು ಮತ್ತೆ ನಿಲ್ಲಿಸಬೇಕು. ಒಂದು ಸರಿಪಡಿಕೆಗೆ ಮೂರು ಚಲನೆ. ಕಣ್ಣು ನೋಡಿ, ಬುದ್ಧಿ ಯೋಚಿಸಿ, ಆಮೇಲೆ ಬೆರಳಿಗೆ ಹೇಳುವಷ್ಟರಲ್ಲಿ ಯಂತ್ರ ಗೋಡೆಗೆ ತಾಗಿರುತ್ತದೆ. ಹಾಗಾಗಿ ಬುದ್ಧಿಯನ್ನು ದಾಟಿ ಕಣ್ಣಿನಿಂದ ನೇರ ಬೆರಳಿಗೆ ಒಂದು ದಾರಿ ಬೀಳಬೇಕು. ತಬಲಾ ಕಲಿತವರಿಗೆ, ಟೈಪ್‌ರೈಟಿಂಗ್ ಕಲಿತವರಿಗೆ ನಾನು ಹೇಳುವುದು ತಿಳಿಯುತ್ತದೆ.

ಇಲ್ಲಿ ಒಂದು ಪಕ್ಕದ ಮಾತು. ಹೋವರ್ ಎಂಬುದಕ್ಕೆ ಕನ್ನಡದಲ್ಲಿ ನಾವೇನು ಹೇಳೋಣ? ಬೆಂಗಳೂರಿನಲ್ಲಿ 1992ರ ಆಗಸ್ಟಿನಲ್ಲಿ ‘ಧ್ರುವ’ ಮೊದಲ ಬಾರಿ ಹಾರಿತು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಯಂತ್ರ ನಮ್ಮ ನೆಲದಲ್ಲೇ ತಯಾರಾದರೂ ಅದು ಮಾಡುವ ಮುಖ್ಯ ಕೆಲಸಕ್ಕೆ ಎಲ್ಲರ ಬಾಯಿಗೂ ಹತ್ತಿದ ಪದ ಇಲ್ಲ. ‘ಸ್ಥಿರತೇಲನ’ ಎಂದೇನಾದರೂ ಹೊಸೆದರೆ ನಮ್ಮ ಎಂ.ಎ. ಬಳಗದವರು ತಲೆದೂಗಿಯಾರು, ಮೈದಾನದಲ್ಲಿ ಯಾರೂ ಬಳಸಲಾರರು. ನಾನು ‘ನಿಲ್ಲಿಸುವುದು’ ಎನ್ನುತ್ತೇನೆ. ಊರಿನ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಹುಳವಿದೆಯಲ್ಲ, ಗದ್ದೆಯ ನೀರಿನ ಮೇಲೆ ನಿಂತಲ್ಲೇ ನಿಂತು ಫಕ್ಕನೆ ಪಕ್ಕಕ್ಕೆ ಸರಿಯುವಂಥದ್ದು? ಅದಕ್ಕೆ ನ್ಯಾಯವಾಗಿ ಹೆಲಿಕಾಪ್ಟರ್ ಚಿಟ್ಟೆ ಎನ್ನಬೇಕಿತ್ತು.

ಈ ನಿಲ್ಲಿಸುವ ಸಮಸ್ಯೆಯನ್ನು ದೊಡ್ಡ ಹೆಲಿಕಾಪ್ಟರಿನವರು ಬಗೆಹರಿಸಿ ಆಮೇಲೆ ಆಟಿಕೆಯವರು ಕಾಪಿ ಹೊಡೆದರು ಎಂದು ನೀವು ತಿಳಿದಿದ್ದರೆ, ಒಂದು ಕತೆ ಕೇಳಿ. ಅಮೆರಿಕದ ಆರ್ಥರ್ ಯಂಗ್ ಎಂಬವನು 1920ರ ದಶಕದ ಕೊನೆಯಲ್ಲಿ ಹೆಲಿಕಾಪ್ಟರಿನ ಹಿಂದೆ ಬಿದ್ದ. ಅವನಿಗೆ ನಿಜವಾಗಿ ಬೇಕಿದ್ದದ್ದು ತತ್ತ್ವಶಾಸ್ತ್ರ; ವಿಶ್ವದ ಬಗ್ಗೆ ಒಂದು ಸಿದ್ಧಾಂತ ಕಟ್ಟಬೇಕೆಂಬ ಆಸೆ. ಅದಕ್ಕೆ ಮುನ್ನ ಕೈಯಿಂದ ಬಿಡಿಸಬಹುದಾದ ಒಂದು ಗಟ್ಟಿ ಸಮಸ್ಯೆ ಬೇಕೆಂದು ಇದನ್ನು ಆರಿಸಿಕೊಂಡ. ಹತ್ತು ಹನ್ನೆರಡು ವರ್ಷ ಅವನು ಮಾಡಿದ್ದು ಮಾದರಿಗಳನ್ನೇ. ಪೆನ್ಸಿಲ್ವೇನಿಯಾದ ಪೌಲಿಯಲ್ಲಿ ಒಂದು ಹಳೆಯ ಕೊಟ್ಟಿಗೆಯನ್ನು ಕಾರ್ಯಾಗಾರ ಮಾಡಿಕೊಂಡು, ಕಟ್ಟಿ, ಹಾರಿಸಿ, ಮುರಿದು, ಮತ್ತೆ ಕಟ್ಟಿದ. ಕೊನೆಗೆ ಬ್ಲೇಡುಗಳಿಗೆ ಅಡ್ಡವಾಗಿ, ತುದಿಯಲ್ಲಿ ತೂಕವಿರುವ ಒಂದು ಸರಳನ್ನು ಜೋಡಿಸಿದಾಗ ಮಾದರಿ ನಿಂತಿತು. 1941ರಲ್ಲಿ ಆ ಮಾದರಿಯನ್ನು ತೋರಿಸಿಯೇ ಬೆಲ್ ಕಂಪನಿಯೊಳಗೆ ಹೋದ. 1946ರ ಮಾರ್ಚಿನಲ್ಲಿ ಅಮೆರಿಕದಲ್ಲಿ ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್ ಬೆಲ್-47 ಅವನ ಕೆಲಸ. ಗಾಜಿನ ಗುಳ್ಳೆಯಂಥ ಮೂತಿಯ ಆ ಯಂತ್ರದ ಒಂದು ಪ್ರತಿ 1984ರಿಂದ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನ ಸಂಗ್ರಹದಲ್ಲಿದೆ. ಮಾದರಿ ಮೊದಲು, ದೊಡ್ಡದು ಆಮೇಲೆ.

ರೇಡಿಯೋ ಹೆಲಿಕಾಪ್ಟರನ್ನು ಮನೆಮಂದಿಯ ಹವ್ಯಾಸವಾಗಿ ಮಾಡಿದವರಲ್ಲಿ ಮುಖ್ಯ ಜರ್ಮನಿಯ ಡೀಟರ್ ಶ್ಲೂಟರ್, 1970ರ ಆಸುಪಾಸು. ಆ ಕಾಲದ ಯಂತ್ರಗಳಲ್ಲಿ ಮೆಥನಾಲ್ ಕುಡಿಯುವ ಎಂಜಿನು. ಬಾಲವನ್ನು ಹಿಡಿದಿಡಲು ಗೈರೋ ಇಲ್ಲ, ಹೆಬ್ಬೆರಳೇ ಗೈರೋ. ಯಂಗ್‌ನ ಸರಳಿನ ವಂಶದ ಅಡ್ಡಸರಳು 2010ರ ಸುಮಾರಿನವರೆಗೂ ಹೆಚ್ಚಿನ ಮಾದರಿಗಳ ತಲೆಯ ಮೇಲೆ ಇತ್ತು; ಈಗ ಅದರ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಎಲೆಕ್ಟ್ರಾನಿಕ್ ಡಬ್ಬಿ ಕೂತಿದೆ. ನಮಗೆ ಅಷ್ಟು ಕಷ್ಟ ಇಲ್ಲ. ಆದರೆ ಪೂರ್ತಿ ಕಷ್ಟವನ್ನೇ ತೆಗೆದುಬಿಡುವುದು ಬೇಡ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: "ಅಣ್ಣಾ, ಯಾವುದು ತಗೊಳ್ಲಿ?" ಬೆಲೆ ಬರೆಯುವುದಿಲ್ಲ, ಈ ಸಂಚಿಕೆಯ ಶಾಯಿ ಒಣಗುವಷ್ಟರಲ್ಲಿ ಬದಲಾಗಿರುತ್ತದೆ. ಯಾವುದು ಬೇಡ ಎಂಬುದನ್ನು ಮೊದಲು ಹೇಳುತ್ತೇನೆ. ಒಂದೇ ಕಂಬಕ್ಕೆ ಒಂದರ ಮೇಲೊಂದು ಎರಡು ಚಕ್ರ ಇರುವ ಆಟಿಕೆ ಬೇಡ. ಅಂಗೈಯಗಲದ್ದು, ಮೂರು ಚಾನೆಲಿನದ್ದು, ಜಾತ್ರೆಯಲ್ಲೂ ಸಿಗುತ್ತದೆ. ಅದು ಲೋಲಕದ ಹಾಗೆ ತಾನೇ ನಿಲ್ಲುತ್ತದೆ, ಪಕ್ಕಕ್ಕೆ ಸರಿಯಲು ಅದಕ್ಕೆ ಬರುವುದೇ ಇಲ್ಲ. ತಮ್ಮನಿಗೆ ಹುಟ್ಟುಹಬ್ಬಕ್ಕೆ ಕೊಡಿ. ಬ್ಲೇಡಿನ ಕೋನ ಬದಲಾಗದೆ ಬರೀ ವೇಗ ಏರಿಳಿಸಿ ಹಾರುವ ನಾಲ್ಕು ಚಾನೆಲಿನ ಪುಟಾಣಿಗಳ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಬೀಳುವುದಕ್ಕೆ ಹೆದರಬೇಕಾಗಿಲ್ಲ, ಹೋಗುತ್ತಿರುವುದು ಎಡಕ್ಕೋ ಬಲಕ್ಕೋ ಎಂದು ಕಣ್ಣಿಗೆ ರೂಢಿಯಾಗುತ್ತದೆ. ನೇರವಾಗಿ 450 ಅಥವಾ ಅದಕ್ಕಿಂತ ದೊಡ್ಡದನ್ನು ಕೊಳ್ಳುವವನಿಗೆ ಮಾತ್ರ ಕೈಮುಗಿಯುತ್ತೇನೆ. ಒಂದು ಸಲ ಬಿದ್ದರೆ ಬ್ಲೇಡು, ಮುಖ್ಯ ಶಾಫ್ಟು, ಬಾಲದ ಕೊಳವೆ, ಗೇರು, ಕೆಲವೊಮ್ಮೆ ಸರ್ವೋ. ತಿಂಗಳ ಮೆಸ್ ಬಿಲ್ಲು ಒಂದು ಸೆಕೆಂಡಿನಲ್ಲಿ ಹುಲ್ಲಿನ ಮೇಲೆ ಚೆಲ್ಲಿರುತ್ತದೆ.

ಬೇಕಾದದ್ದು ಯಾವುದೆಂದರೆ, ದೊಡ್ಡದರ ಹಾಗೆಯೇ ಬ್ಲೇಡಿನ ಕೋನ ಬದಲಾಗುವ, ಆದರೆ ಐವತ್ತು ಗ್ರಾಂ ಆಸುಪಾಸಿನ ಪುಟ್ಟ ಯಂತ್ರ. ಎಕ್ಸ್‌ಕೆ ಕೆ110ರಂಥದ್ದು. ದೊಡ್ಡದರ ನಡವಳಿಕೆ ಇದಕ್ಕೂ ಇದೆ. ಆದರೆ ನೆಲಕ್ಕೆ ಬಿದ್ದಾಗ ತೂಕ ಇಲ್ಲದ್ದರಿಂದ ಎಷ್ಟೋ ಸಲ ಎದ್ದು ಮತ್ತೆ ಹಾರುತ್ತದೆ. ಇದರಲ್ಲೂ ಯಂತ್ರವನ್ನು ತಾನಾಗಿ ಸಮತಲಕ್ಕೆ ತರುವ ಒಂದು ಸ್ವಿಚ್ ಇರುತ್ತದೆ. ಮೊದಲ ನಾಲ್ಕು ದಿನ ಹಾಕಿಕೊಳ್ಳಿ, ಬೇಡ ಎನ್ನುವುದಿಲ್ಲ. ಐದನೆಯ ದಿನ ತೆಗೆಯಿರಿ.

ಆದರೆ ಯಂತ್ರಕ್ಕಿಂತ ಮೊದಲು ರೇಡಿಯೋ ಕೊಳ್ಳಿ. ಪುಟ್ಟ ಹೆಲಿಕಾಪ್ಟರಿನ ಜೊತೆ ಬರುವ ರಿಮೋಟು ಕಡ್ಡಿ ಅಲ್ಲಾಡುವ ಬಡಪಾಯಿ. ಹಲವು ಕಂಪನಿಗಳ ಭಾಷೆ ಮಾತಾಡಬಲ್ಲ ಒಂದು ಒಳ್ಳೆಯ ಟ್ರಾನ್ಸ್‌ಮಿಟರ್ ಇದ್ದರೆ ಮುಂದೆ ನಾಲ್ಕು ಯಂತ್ರ ಬದಲಾದರೂ ಅದು ನಿಮ್ಮ ಕೈಯಲ್ಲೇ ಇರುತ್ತದೆ. ಯಾವ ಕಡ್ಡಿಯಲ್ಲಿ ಯಾವ ಕೆಲಸ ಎಂಬುದಕ್ಕೆ ‘ಮೋಡ್’ ಎಂದು ಹೆಸರು. ನಿಮಗೆ ಕಲಿಸುವವರ ಮೋಡ್ ಯಾವುದೋ ಅದನ್ನೇ ಇಟ್ಟುಕೊಳ್ಳಿ. ಅದೇ ರೇಡಿಯೋವನ್ನು ಒಂದು ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ ಸಿಮ್ಯುಲೇಟರಿನಲ್ಲಿ ಕೂರಿ. ರಿಯಲ್‌ಫ್ಲೈಟ್, ನೆಕ್ಸ್ಟ್, ಹೆಲಿ-ಎಕ್ಸ್ ಹೀಗೆ ಹಲವಿವೆ. ಅಲ್ಲಿ ಬಿದ್ದರೆ ಒಂದು ಗುಂಡಿ ಒತ್ತಿದರಾಯಿತು, ಮತ್ತೆ ಎದ್ದು ನಿಂತಿರುತ್ತದೆ. ಭಾನುವಾರ ಐದು ಗಂಟೆ ಕೂತು ಕಣ್ಣು ಕೆಂಪು ಮಾಡಿಕೊಳ್ಳುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. "ಅದು ವಿಡಿಯೋ ಗೇಮ್ ಅಲ್ಲವೇನೋ" ಎಂದು ನನ್ನ ರೂಮಿನ ಹುಬ್ಬಳ್ಳಿಯವ ನಗುತ್ತಾನೆ. ನಗಲಿ. ಆರು ವಾರ ಅದರಲ್ಲಿ ಕೂತ ನಮ್ಮ ವಿಂಗಿನ ಹುಡುಗಿ ನಿಜವಾದ ಪುಟ್ಟ ಯಂತ್ರವನ್ನು ಮೊದಲ ದಿನವೇ ಒಂದು ಬ್ಯಾಟರಿ ಮುಗಿಯುವವರೆಗೆ ನಿಲ್ಲಿಸಿದ್ದನ್ನು ಅವನೂ ನೋಡಿದ್ದಾನೆ.

ಅಭ್ಯಾಸಕ್ಕೆ ಕ್ರಮ ಉಂಟು. ಮೊದಲು ಬಾಲ ನಿಮ್ಮ ಕಡೆಗೆ. ಆಗ ಅದರ ಎಡವೂ ನಿಮ್ಮ ಎಡವೂ ಒಂದೇ. ನೆಲಕ್ಕೆ ತೀರ ಹತ್ತಿರ ಇಡಬೇಡಿ. ಚಕ್ರ ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಹಿಂದಿರುಗಿ ಅದನ್ನು ಅಲ್ಲಾಡಿಸುತ್ತದೆ. ಭಯದಿಂದ ಗೇಣೆತ್ತರದಲ್ಲಿ ಹಿಡಿಯಲು ನೋಡುವವರೇ ಹೆಚ್ಚು ಬೀಳುತ್ತಾರೆ. ಎದೆಯ ಮಟ್ಟ ಸಾಕು. ಅದು ಕೈಗೆ ಬಂದ ಮೇಲೆ ಬಾಲವನ್ನು ಅರ್ಧ ಬಲಕ್ಕೆ, ಅರ್ಧ ಎಡಕ್ಕೆ; ಆಮೇಲೆ ಪೂರ್ತಿ ಅಡ್ಡ. ಕೊನೆಗೆ ಮೂತಿ ನಿಮ್ಮ ಕಡೆಗೆ. ಇದೇ ಕಠಿಣ. ಎಡ ಬಲ ಎರಡೂ ಅದಲು ಬದಲು, ಕನ್ನಡಿಯಲ್ಲಿ ನೋಡಿ ಕತ್ತರಿ ಆಡಿಸಿದಂತೆ. ಇದಕ್ಕೆ ತಿಂಗಳುಗಟ್ಟಲೆ ಬೇಕಾಗಬಹುದು, ಬೇಕಾಗಲಿ. ಬಾಲದ ಕಡೆಯಿಂದ ಮಾತ್ರ ನಿಲ್ಲಿಸಲು ಬಂದ ಕೂಡಲೇ ಸುತ್ತು ಹೊಡೆಸಲು ಹೊರಡುವವರ ಯಂತ್ರ ತಿರುಗಿ ಬರುವಾಗ ಮೂತಿ ಅವರ ಕಡೆಗೇ ಇರುತ್ತದೆ ಎಂಬುದನ್ನು ಅವರು ಮೊದಲೇ ಯೋಚಿಸಿರುವುದಿಲ್ಲ.

ರೇಡಿಯೋದಲ್ಲಿ ‘ಹೋಲ್ಡ್’ ಎಂಬ ಸ್ವಿಚ್ ಇರುತ್ತದೆ. ಮೋಟಾರನ್ನು ತಕ್ಷಣ ಕಡಿಯುವ ಸ್ವಿಚ್. ಬೀಳುತ್ತಿರುವಾಗ ಮನುಷ್ಯನ ಸ್ವಭಾವ ಶಕ್ತಿ ಏರಿಸುವುದು. ಮಾಡಬೇಕಾದದ್ದು ಹೋಲ್ಡ್ ಎಳೆಯುವುದು. ಸುತ್ತುತ್ತ ಬಿದ್ದರೆ ಹತ್ತು ಭಾಗ ಮುರಿಯುತ್ತದೆ, ನಿಂತು ಬಿದ್ದರೆ ಎರಡು. ಸಿಮ್ಯುಲೇಟರಿನಲ್ಲೇ ಇದನ್ನು ಬೆರಳಿಗೆ ಕಲಿಸಿ. ಶುರುಮಾಡುವಾಗ ರೇಡಿಯೋ ಮೊದಲು, ಯಂತ್ರ ಆಮೇಲೆ. ಮುಗಿಸುವಾಗ ಯಂತ್ರ ಮೊದಲು, ರೇಡಿಯೋ ಆಮೇಲೆ. ಬ್ಯಾಟರಿ ಸಿಕ್ಕಿಸಿದ ಮೇಲೆ ಗೈರೋ ಕಣ್ಣುಬಿಡುವವರೆಗೆ ಯಂತ್ರವನ್ನು ಅಲ್ಲಾಡಿಸಬಾರದು.

ಬ್ಯಾಟರಿಯ ಬಗ್ಗೆ ಹಾಸ್ಟೆಲಿನವರು ಕಿವಿಗೊಟ್ಟು ಕೇಳಬೇಕು. ಇವು ಲಿಥಿಯಂ ಪಾಲಿಮರ್. ಒಂದು ಕೋಶ ತುಂಬಿದಾಗ 4.2 ವೋಲ್ಟ್, ವಾರಗಟ್ಟಲೆ ಎತ್ತಿಡುವಾಗ 3.8ರ ಹತ್ತಿರ ಇರಬೇಕು. ಪೂರ್ತಿ ಹೀರಿ ಬರಿದು ಮಾಡಿದರೆ ಕೆಡುತ್ತದೆ. 2200 ಮಿಲಿಆಂಪ್-ಅವರ್ ಬ್ಯಾಟರಿಗೆ 2.2 ಆಂಪಿಯರಿನಲ್ಲಿ ಚಾರ್ಜು, ಅವಸರ ಬೇಡ. ಹಾರಿಸಿದ ಕೂಡಲೇ ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ. ಉಬ್ಬಿದ್ದನ್ನು, ಜಜ್ಜಿಹೋದದ್ದನ್ನು ಮತ್ತೆ ಬಳಸಬೇಡಿ. ಹಾಸಿಗೆಯ ಮೇಲೆ ಇಟ್ಟು ಚಾರ್ಜಿಗೆ ಹಾಕಿ ಕ್ಯಾಂಟೀನಿಗೆ ಹೋಗುವುದಂತೂ ಕೂಡದು. ಇದಕ್ಕೆ ಹತ್ತಿದ ಬೆಂಕಿ ಒಂದು ಬಕೆಟ್ ನೀರಿಗೆ ಬಗ್ಗುವುದಿಲ್ಲ. ಮಣ್ಣಿನ ಮಡಕೆಯೋ ತಗಡಿನ ಡಬ್ಬವೋ ಇರಲಿ, ಎದುರಿಗೆ ನೀವಿರಿ.

ದುರಸ್ತಿಯೂ ಹವ್ಯಾಸದ ಅರ್ಧ. ಬಿದ್ದ ಮೇಲೆ ಮುಖ್ಯ ಶಾಫ್ಟನ್ನು ತೆಗೆದು ಗಾಜಿನ ಹಲಗೆಯ ಮೇಲೆ ಉರುಳಿಸಿ. ಬಾಗಿದ್ದರೆ ಕುಂಟುತ್ತದೆ, ಕಣ್ಣಿಗೇ ಕಾಣುತ್ತದೆ. ಬಿರುಕು ಬಿಟ್ಟ ಬ್ಲೇಡಿಗೆ ಅಂಟು ಹಚ್ಚಿ ಹಾರಿಸುವವರನ್ನು ಮೈದಾನದಿಂದ ಹೊರಗೆ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಸೋಲ್ಡರಿಂಗ್ ಐರನ್ನು, ಸಣ್ಣ ಅಲೆನ್ ಕೀಗಳು ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ. ಬಿಡಿಭಾಗ ಸಿಗುವ ಯಂತ್ರವನ್ನೇ ಕೊಳ್ಳಿ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ವಿದೇಶೀ ಡ್ರೋನುಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳಿಗೆ ವಿನಾಯಿತಿ ಇಟ್ಟಿತು. ಆದ್ದರಿಂದ ಹೊರಗಿನಿಂದ ನೇರ ತರಿಸುವ ಸಾಹಸಕ್ಕೆ ಹೋಗದೆ ಇಲ್ಲಿನ ಅಂಗಡಿಯಲ್ಲೇ ಕೇಳುವುದು ಲೇಸು.

ಈಗ ಜಾಗ. ಮುಂಬಯಿಯಲ್ಲಿ ಗಾಳಿ ಎಲ್ಲಿದೆ ಸ್ವಾಮಿ, ಹಾರಿಸಲಿಕ್ಕೆ? ಸಾಂತಾಕ್ರೂಜಿನ ವಿಮಾನ ನಿಲ್ದಾಣ, ಜುಹುವಿನ ಏರೋಡ್ರೋಮ್, ಕೊಲಾಬಾದ ನೌಕಾದಳ, ಟ್ರಾಂಬೆಯ ಅಣುಕೇಂದ್ರ. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ನಿಲ್ದಾಣ ಅದರ ಮೇಲೆ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ನಕ್ಷೆಯಲ್ಲಿ ಹಂಚಿವೆ. ಹಸಿರಿನಲ್ಲಿ ಸಾಮಾನ್ಯವಾಗಿ 400 ಅಡಿಯವರೆಗೆ ಅನುಮತಿ ಬೇಡ, ಕೆಂಪಿನಲ್ಲಿ ಕೇಂದ್ರದ ಅನುಮತಿ ಇಲ್ಲದೆ ಏನೂ ಇಲ್ಲ. 250 ಗ್ರಾಮಿಗಿಂತ ಹಗುರವಾದದ್ದಕ್ಕೆ ‘ನ್ಯಾನೋ’ ಎಂದು ಹಲವು ವಿನಾಯಿತಿಗಳಿವೆ. ಇದರ ಮೇಲೆ ಮುಂಬಯಿ ಪೊಲೀಸರು ಆಗಾಗ ಡ್ರೋನು, ರಿಮೋಟಿನ ಪುಟ್ಟ ವಿಮಾನ, ಪ್ಯಾರಾಗ್ಲೈಡರು ಎಲ್ಲವನ್ನೂ ಒಟ್ಟಿಗೆ ಸೇರಿಸಿ ಇಷ್ಟು ದಿನ ನಿಷಿದ್ಧ ಎಂದು ಆಜ್ಞೆ ಹೊರಡಿಸುತ್ತಾರೆ. ಹೊರಗೆ ಹಾರಿಸುವವರು ಆ ದಿನದ ನಕ್ಷೆಯನ್ನೂ ಆ ವಾರದ ಪೊಲೀಸ್ ಆಜ್ಞೆಯನ್ನೂ ನೋಡದೆ ಹೊರಡಬಾರದು. ಸಮಿತಿಯವರು ಹೂ ಸುರಿಸುವ ಮುನ್ನ ಇದನ್ನಾದರೂ ಓದಲಿ.

ಹಾಗಾದರೆ ಕಲಿಯುವುದೆಲ್ಲಿ? ನಮ್ಮ ಜಿಮ್‌ಖಾನಾದ ಬ್ಯಾಡ್ಮಿಂಟನ್ ಹಾಲಿನಲ್ಲಿ! ಐವತ್ತು ಗ್ರಾಂ ಯಂತ್ರಕ್ಕೆ ಅದು ಧಾರಾಳ. ಗಾಳಿ ಬೀಸುವುದಿಲ್ಲ, ಮಳೆ ಬರುವುದಿಲ್ಲ. ನಾಲ್ಕು ತಿಂಗಳು ಮಳೆ ಹೊಡೆಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ನನ್ನ ಲೆಕ್ಕ ಇಷ್ಟು: ಆ ಒಂದು ಜಿಪಿಎಸ್ ಯಂತ್ರ, ಅದಕ್ಕೆ ಎರಡು ಬ್ಯಾಟರಿ, ಹೂ ಉದುರಿಸುವ ಡಬ್ಬಿ ಎಂದು ಸಮಿತಿ ತೆಗೆದಿಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ರೇಡಿಯೋ, ಒಂದು ಸಿಮ್ಯುಲೇಟರ್, ಎರಡು ಪುಟ್ಟ ಹೆಲಿಕಾಪ್ಟರ್ ಮತ್ತು ಒಂದು ಡಬ್ಬ ಬಿಡಿಭಾಗ ಬರುತ್ತದೆ. ಒಂದು ಬ್ಯಾಟರಿಗೆ ಐದಾರು ನಿಮಿಷ ಎಂದರೂ ಸರದಿಯಲ್ಲಿ ಹತ್ತು ಹನ್ನೆರಡು ಜನ ಒಂದು ವರ್ಷ ಕಲಿಯಬಹುದು. ಮೂರು ನಿಮಿಷದ ಹೂಮಳೆಗೂ ಇದಕ್ಕೂ ಹೋಲಿಕೆ ಎಲ್ಲಿ?

"ಇದಕ್ಕೂ ಸಾಹಿತ್ಯಕ್ಕೂ ಏನು ಸಂಬಂಧ?" ಎಂದು ನಮ್ಮ ಉಪಾಧ್ಯಕ್ಷರು ಕೇಳಿಯೇ ಕೇಳುತ್ತಾರೆ. ಹೂ ಸುರಿಸುವುದಕ್ಕೆ ಇದ್ದ ಸಂಬಂಧವೇ ಇದಕ್ಕೂ ಇದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನಮ್ಮ ದೊಡ್ಡವರು ಯಾರೂ ಬರೀ ಸಾಹಿತ್ಯ ಮಾಡಿಕೊಂಡು ಕೂತವರಲ್ಲ. ಕಾರಂತರು ಮಕ್ಕಳಿಗೆ ವಿಜ್ಞಾನ ಬರೆದರು. ತೇಜಸ್ವಿ ಗಾಳ ಹಿಡಿದು ಮೀನಿಗೆ ಕೂತರು, ಕ್ಯಾಮೆರಾ ಹಿಡಿದು ಹಕ್ಕಿಗೆ ಕಾದರು. ಆ ಆರ್ಥರ್ ಯಂಗ್ ಕೂಡ ಬೆಲ್-47 ಮುಗಿಸಿ ತನ್ನ ತತ್ತ್ವಶಾಸ್ತ್ರಕ್ಕೆ ವಾಪಸು ಹೋದ. 1976ರಲ್ಲಿ ಅವನ ಪುಸ್ತಕ ಹೊರಬಂತು. ಅಷ್ಟು ತಡವಾದದ್ದಕ್ಕೆ ಉಪಾಧ್ಯಕ್ಷರು ಬೇಕಿದ್ದರೆ ಆಕ್ಷೇಪಿಸಲಿ.

ನನ್ನ ಸೂಚನೆಯನ್ನು ಬರವಣಿಗೆಯಲ್ಲಿ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಅದು ಪಾಸಾಗಲಿ ಬಿಡಲಿ, ನನ್ನ ಬಳಿ ಇರುವ ಒಂದು ರೇಡಿಯೋ, ಒಂದು ಪುಟ್ಟ ಯಂತ್ರ, ಐದು ಬ್ಯಾಟರಿಗಳೊಂದಿಗೆ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹಾಲಿನಲ್ಲಿ ಇರುತ್ತೇನೆ. ಒಂಬತ್ತಕ್ಕೆ ಬ್ಯಾಡ್ಮಿಂಟನಿನವರು ಬರುತ್ತಾರೆ. ಬರುವವರು ಕಣ್ಣಿಗೆ ಯಾವುದಾದರೂ ಕನ್ನಡಕ ಹಾಕಿಕೊಂಡು ಬನ್ನಿ, ಉದ್ದ ಕೂದಲಿದ್ದವರು ಕಟ್ಟಿಕೊಳ್ಳಿ, ಚಪ್ಪಲಿ ಬೇಡ, ಬೂಟು ಇರಲಿ. ಮೊದಲ ದಿನ ಯಾರಿಗೂ ಹಾರಿಸಲು ಕೊಡುವುದಿಲ್ಲ. ಬಿಚ್ಚಿ ಜೋಡಿಸಲು ಕೊಡುತ್ತೇನೆ.